ವೆಂಬ್ಲಿಯಿಂದ ನೀನು ಕಳಿಸಿದ ವಿಡಿಯೋ

ಪುಟ್ಟಿ,

ಅಪ್ಪ ಐಸಿಯುನಲ್ಲಿದ್ದದ್ದನ್ನು ನಿನ್ನಿಂದ ಮುಚ್ಚಿಟ್ಟೆ ಅಂತ ಬೈದು ನೀನು ಫೋನ್ ಇಟ್ಟು ಇವತ್ತಿಗೆ ಆರು ದಿನ. ಮೆಸೇಜ್ ಹಾಕಿದರೆ ನೋಡುತ್ತೀಯ, ಉತ್ತರ ಇಲ್ಲ. ಅಪ್ಪನ ಹತ್ತಿರ ಮಾತ್ರ ದಿನಾ ಮಾತಾಡುತ್ತೀಯಂತೆ. ಅಷ್ಟಾದರೂ ಸಮಾಧಾನ. ಫೋನಿನಲ್ಲಿ ನಾನು ಬಾಯಿ ತೆರೆದರೆ ಅಳು ಬರುತ್ತದೆ, ಇಲ್ಲಾಂದ್ರೆ ದನಿ ಏರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಅಪ್ಪನ ಸುದ್ದಿ. ಹೃದಯದ ರಕ್ತನಾಳಕ್ಕೆ ಎರಡು ಸ್ಟೆಂಟ್ ಹಾಕಿದ್ದಾರೆ. ಬೆಳಗ್ಗೆ ಪಾರ್ಕಿನಲ್ಲಿ ಎರಡು ಸುತ್ತು ನಡೆಯುತ್ತಾರೆ, ಮೂರನೆಯದಕ್ಕೆ ನಾನು ಬಿಡುವುದಿಲ್ಲ. ಬಿಪಿ ನಿನ್ನೆ 126, 80. ಊಟಕ್ಕೆ ಉಪ್ಪು ಕಡಿಮೆ ಅಂತ ಗೊಣಗುತ್ತಾರೆ. ಇದರಲ್ಲಿ ಮುಚ್ಚಿಟ್ಟಿದ್ದು ಏನೂ ಇಲ್ಲ.

ಈಗ ಆ ರಾತ್ರಿಯದು. ಆಗಸ್ಟ್ 30, ಶನಿವಾರ. ನೀನು ಲಂಡನ್ನಿನ ವೆಂಬ್ಲಿ ಸ್ಟೇಡಿಯಂನಲ್ಲಿದ್ದೆ. ವಾರಕ್ಕೆ ಮೂರು ದಿನ ಕೆಫೆಯಲ್ಲಿ ನಿಂತು ದುಡಿದ ದುಡ್ಡಲ್ಲಿ ಕೋಲ್ಡ್‌ಪ್ಲೇ ಬ್ಯಾಂಡಿನ ಕಾರ್ಯಕ್ರಮಕ್ಕೆ ಟಿಕೆಟ್ ತೆಗೆದುಕೊಂಡಿದ್ದೆ. ನಾನದನ್ನು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದೆ. ಇಲ್ಲಿ ಆಗಲೇ ರಾತ್ರಿ ಎರಡು ದಾಟಿತ್ತು. ಐಸಿಯು ಹೊರಗೆ ಸ್ಟೀಲ್ ಕುರ್ಚಿಯಲ್ಲಿ ಕೂತಿದ್ದೆ. ಮೊಬೈಲ್ ಅಲುಗಿತು. ನಿನ್ನ ವಿಡಿಯೋ, ಅದರಲ್ಲಿ 'ಯೆಲ್ಲೋ' ಹಾಡು. ಎಲ್ಲರ ಕೈಗೆ ಕಟ್ಟಿದ ದೀಪದ ಪಟ್ಟಿಯಿಂದ ಇಡೀ ಸ್ಟೇಡಿಯಂ ಹಳದಿ. ಅದರ ಮಧ್ಯೆ ನಿನ್ನ ಕಿರುಚಾಟ. ಕೆಳಗೆ, 'ಅಮ್ಮಾ, ನಿನ್ನ ಹಾಡು!' ದನಿ ಸಣ್ಣದು ಮಾಡಿ ಕಿವಿಗೆ ಹಿಡಿದು ಕೇಳಿದೆ. 'ಇನ್ನೂ ಮಲಗಿಲ್ವಾ?' ಅಂತ ನೀನೇ ಕೇಳಿದೆ. 'ನಿದ್ದೆ ಬರಲಿಲ್ಲ ಪುಟ್ಟಿ, ಸೂಪರ್ ಆಗಿದೆ' ಅಂತ ಬರೆದು ಕಳಿಸಿದೆ. ಜೊತೆಗೊಂದು ಹಳದಿ ಹೃದಯ.

ನಿನಗೆ ಜಾಸ್ತಿ ನೋವಾಗಿದ್ದು ಆ ಹೃದಯದಿಂದ ಅಂತ ಗೊತ್ತು. 'ಅಪ್ಪ ಒಳಗೆ ಮಲಗಿದ್ರು, ನಾನು ಕುಣೀತಿದ್ದೆ, ನೀನು ನೋಡ್ತಾ ಕೂತಿದ್ದೆ' ಅಂದೆಯಲ್ಲ. ಆರು ದಿನದಿಂದ ಅದೇ ಮಾತು ತಲೆಯಲ್ಲಿ ಸುತ್ತುತ್ತಿದೆ.

ಆ ಹಾಡು ನನ್ನದು ಹೇಗಾಯಿತು ಅಂತ ನಿನಗೆ ಅರ್ಧ ಮಾತ್ರ ಹೇಳಿದ್ದೇನೆ. 2000ರಲ್ಲಿ ನಾನು ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿದ್ದೆ ಅಂತ ಗೊತ್ತು. ಕಂಪನಿ ಆರು ತಿಂಗಳಿಗೆ ಕಳಿಸಿತ್ತು. 'ಪ್ಯಾರಚೂಟ್ಸ್' ಆ ಜುಲೈನಲ್ಲಿ ಬಂದಿತ್ತು, ಕೋಲ್ಡ್‌ಪ್ಲೇಯ ಮೊದಲ ಆಲ್ಬಂ. 'ಯೆಲ್ಲೋ' ಇರುವುದು ಅದರಲ್ಲೇ. ನಾನು ಸಿಡಿ ಕೊಂಡಿದ್ದು ಅಕ್ಟೋಬರ್‌ನಲ್ಲಿ. ಕಪ್ಪಿನ ನಡುವೆ ಒಳಗಿನಿಂದ ದೀಪ ಹತ್ತಿದ ಹಳದಿ ಗ್ಲೋಬ್, ಆ ಮುಖಪುಟ ನೋಡಿಯೇ ಕೈ ಹಾಕಿದ್ದು. ಅಂಗಡಿಯಲ್ಲಿ ಹತ್ತು ಪೌಂಡಿಗೆ ಸಿಗುವ ಗ್ಲೋಬ್ ಅದು, ಬಳಸಿ ಎಸೆಯುವ ಕ್ಯಾಮೆರಾದಲ್ಲಿ ಫೋಟೋ ತೆಗೆದರಂತೆ. ಅದು ಗೊತ್ತಾದ ಮೇಲೆ ನನಗೆ ಇನ್ನೂ ಇಷ್ಟವಾಯಿತು.

ರಾಕ್ ಅಂದರೆ ಕಿವಿ ಮುಚ್ಚಿಕೊಳ್ಳಬೇಕು ಅಂದುಕೊಂಡಿದ್ದವಳು ನಾನು. ಇದರಲ್ಲಿ ಗದ್ದಲವೇ ಇಲ್ಲ. ಮೊದಲ ಹಾಡು 'ಡೋಂಟ್ ಪ್ಯಾನಿಕ್', ಎರಡು ನಿಮಿಷ ಚಿಲ್ಲರೆ. ಅಯ್ಯೋ, ಇನ್ನಷ್ಟು ಇರಬಾರದಿತ್ತೇ ಅನ್ನುವಷ್ಟರಲ್ಲಿ ಮುಗಿಯುತ್ತದೆ. 'ಸ್ಪಾರ್ಕ್ಸ್'ನಲ್ಲಿ ಗಿಟಾರ್ ಎಷ್ಟು ಮೆಲ್ಲಗೆ ಅಂದರೆ, ಪಕ್ಕದ ಕೋಣೆಯಲ್ಲಿ ಮಲಗಿದವರು ಏಳಬಾರದು ಅಂತ ನುಡಿಸಿದ ಹಾಗೆ. 'ಟ್ರಬಲ್'ನ ಪಿಯಾನೋ ಬಗ್ಗೆ ನಿನಗೆ ಹೇಳುವುದು ಬೇಡ, ನಿನ್ನ ಕೈಯಲ್ಲೇ ಅದನ್ನು ಕೇಳಿದ್ದೇನೆ. ಆಲ್ಬಂ ಹೆಸರಿನ ಹಾಡು 46 ಸೆಕೆಂಡ್ ಅಷ್ಟೇ. ಸಂಜೆ ನಾಲ್ಕೂವರೆಗೆ ಕತ್ತಲಾಗುವ ಊರಲ್ಲಿ, ಬಾಡಿಗೆ ಕೋಣೆಯಲ್ಲಿ, ಕುಕ್ಕರ್ ಇಟ್ಟು ಆ ಸಿಡಿ ಹಾಕುತ್ತಿದ್ದೆ. ಕೊನೆಯ ಹಾಡು ಬರುವಷ್ಟರಲ್ಲಿ ಊಟ ಆಗಿ ತಟ್ಟೆ ತೊಳೆದಿರುತ್ತಿದ್ದೆ.

ಆ ನವೆಂಬರ್‌ನಲ್ಲೇ ಅಜ್ಜಿಗೆ ಹುಷಾರು ತಪ್ಪಿದ್ದು. ಅರಸೀಕೆರೆಗೆ ಫೋನ್ ಮಾಡಿದಾಗಲೆಲ್ಲ ನಿನ್ನ ಮಾವ ಎತ್ತುತ್ತಿದ್ದ. 'ಅಮ್ಮ ಮಲಗಿದ್ದಾಳೆ, ನಾಳೆ ಮಾಡು.' ಮಾರನೇ ದಿನ, 'ದೇವಸ್ಥಾನಕ್ಕೆ ಹೋಗಿದ್ದಾಳೆ.' ಹನ್ನೊಂದು ದಿನ. ಕಾರ್ಡ್ ಹಾಕಿ ಮಾತಾಡುವ ಕಾಲ, ನಿಮಿಷ ಓಡುತ್ತಿದೆ ಅಂತ ನಾನೂ ಜಾಸ್ತಿ ಕೇಳಲಿಲ್ಲ. ಆದರೆ ಸಂಜೆ ಏಳರ ಮೇಲೆ ಅಮ್ಮ ಯಾವತ್ತೂ ದೇವಸ್ಥಾನಕ್ಕೆ ಹೋದವಳಲ್ಲ. ಅದು ನನಗೆ ಹೊಳೆಯಬೇಕಿತ್ತು. ಹೊಳೆಯಿತು ಕೂಡ, ಒಂದು ಕ್ಷಣ. ಅದನ್ನು ತಳ್ಳಿಬಿಟ್ಟೆ. ಫೋನ್ ಇಟ್ಟು ಕೋಣೆಗೆ ಬಂದು ಸಿಡಿ ಹಾಕಿದೆ. ಹನ್ನೆರಡನೇ ದಿನ ಅವನೇ ಫೋನ್ ಮಾಡಿದ.

ನಾನು ಊರು ಮುಟ್ಟುವಾಗ ಮೂರನೇ ದಿನ. ಬಾಗಿಲಲ್ಲಿ ಇಪ್ಪತ್ತು ಮೂವತ್ತು ಜೊತೆ ಚಪ್ಪಲಿ. ಅವುಗಳ ನಡುವೆ ಅಮ್ಮನ ನೀಲಿ ಹವಾಯಿ ಚಪ್ಪಲಿಯೂ ಇತ್ತು, ತೆಗೆದಿಡಲು ಯಾರಿಗೂ ನೆನಪಾಗಿರಲಿಲ್ಲ. 'ನಿನ್ನ ಕೆಲಸ ಹಾಳಾಗಬಾರದು ಅಂತ ಅವಳೇ ಹೇಳ್ಬೇಡ ಅಂದ್ಲು' ಅಂದ ನಿನ್ನ ಮಾವ. ಎರಡು ವರ್ಷ ಅವನ ಹತ್ತಿರ ಮಾತು ಬಿಟ್ಟಿದ್ದೆ. ನಿನ್ನ ನಾಮಕರಣಕ್ಕೆ ಅವನಾಗಿಯೇ ಬಂದು ತೊಟ್ಟಿಲ ಪಕ್ಕ ನಿಂತ, ಅಲ್ಲಿಗೆ ಮುಗಿಯಿತು.

ಅದೇ ಮಾತನ್ನೇ ನಾನು ನಿನಗೆ ಹೇಳಿದ್ದು ಪುಟ್ಟಿ. 'ಡಿಸರ್ಟೇಶನ್ ಹಾಳಾಗಬಾರದು ಅಂತ.' ಹೇಳಿ ಮುಗಿಸುವಷ್ಟರಲ್ಲಿ ನನ್ನ ಕಿವಿಗೆ ನಿನ್ನ ಮಾವನ ದನಿಯೇ ಕೇಳಿಸಿತು.

ಈಗ ಹಾಡಿಗೆ ಬರುತ್ತೇನೆ. ಆ ಆಲ್ಬಂ ಅನ್ನು ಸಾರಾ ಚಾಂಪಿಯನ್ ಅವರಿಗೆ ಅರ್ಪಿಸಿದ್ದಾರೆ. ಯಾರು ಅಂತ ಎಷ್ಟೋ ವರ್ಷ ನನಗೆ ಗೊತ್ತಿರಲಿಲ್ಲ. ಡ್ರಮ್ಸ್ ನುಡಿಸುವ ವಿಲ್ ಚಾಂಪಿಯನ್ ತಾಯಿ ಅವರು. ನಾನಿದ್ದ ಸೌತಾಂಪ್ಟನ್‌ನಲ್ಲೇ, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪುರಾತತ್ವ ಕಲಿಸುತ್ತಿದ್ದವರು. ಆಲ್ಬಂ ಬರುವ ಎರಡು ತಿಂಗಳ ಮುಂಚೆ ತೀರಿಕೊಂಡರು. 'ಯೆಲ್ಲೋ' ವಿಡಿಯೋ ಚಿತ್ರೀಕರಣ ಅವರ ಅಂತ್ಯಕ್ರಿಯೆಯ ದಿನವೇ. ಡಾರ್ಸೆಟ್‌ನ ಸ್ಟಡ್‌ಲ್ಯಾಂಡ್ ಕಡಲತೀರ. ಬ್ಯಾಂಡಿನ ನಾಲ್ಕೂ ಜನ ಇರಬೇಕಿತ್ತು. ಹಾಡುವ ಕ್ರಿಸ್ ಮಾರ್ಟಿನ್ ಒಬ್ಬನೇ ಇದ್ದಾನೆ. ಮಳೆ, ಗಾಳಿ, ಒದ್ದೆ ಜಾಕೆಟ್. ಒಂದೇ ಶಾಟ್. ಅವನು ಮರಳಿನ ಮೇಲೆ ನಡೆದುಕೊಂಡು ಬರುತ್ತಾನೆ, ನಡೆಯುತ್ತಲೇ ಹಾಡುತ್ತಾನೆ, ಸ್ವಲ್ಪ ಸ್ವಲ್ಪವೇ ಬೆಳಕಾಗುತ್ತದೆ.

ಆ ವಿಡಿಯೋವನ್ನು ಈ ವಾರ ಎಷ್ಟು ಸಲ ನೋಡಿದೆನೋ. ಅಪ್ಪ ಮಲಗಿದ ಮೇಲೆ ಅಡುಗೆಮನೆಯಲ್ಲಿ ಲೈಟ್ ಆರಿಸಿ ನೋಡುತ್ತೇನೆ. ಅದನ್ನು ಸೆಕೆಂಡಿಗೆ ಐವತ್ತು ಫ್ರೇಮಿನಲ್ಲಿ ಹಿಡಿದು, ಆಮೇಲೆ ಅರ್ಧ ವೇಗಕ್ಕೆ ನಿಧಾನ ಮಾಡಿದ್ದಂತೆ. ಅಂದರೆ ಅವನು ಅಲ್ಲಿ ಹಾಡನ್ನು ದುಪ್ಪಟ್ಟು ವೇಗದಲ್ಲಿ ಹಾಡಬೇಕಿತ್ತು. ನಮಗೆ ಕಾಣುವುದು ಮಾತ್ರ ಎಷ್ಟು ಶಾಂತ! ಕೂದಲಿಂದ ನೀರು ಇಳಿಯುವುದು ಕೂಡ ನಿಧಾನ. ಅವನ ಮುಖವನ್ನೇ ನೋಡುತ್ತೇನೆ. ನಗುತ್ತಾನೆ. ಗೆಳೆಯನ ತಾಯಿಯನ್ನು ಕಳಿಸಿಕೊಡುವ ದಿನ ಹೇಗೆ ನಕ್ಕ? ಮೊದಲೆರಡು ದಿನ ಇದರಲ್ಲಿ ಸಮಾಧಾನ ಹುಡುಕಿದೆ. ನೋಡು, ಅವನೂ ಹಾಡಿದನಲ್ಲ, ನನ್ನ ಮಗಳು ಕುಣಿದರೆ ಏನು ತಪ್ಪು ಅಂತ ನಿನಗೆ ಬರೆಯಬೇಕು ಅಂದುಕೊಂಡೆ.

ಆದರೆ ಅದು ಸರಿಯಲ್ಲ. ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಹಾಡಿದ. ನಿನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ನೀನು ಬಂದುಬಿಡುತ್ತಿದ್ದೆಯೋ, ಅಲ್ಲೇ ಅಳುತ್ತಿದ್ದೆಯೋ, ಅಪ್ಪನಿಗೋಸ್ಕರ ಅಂತ ಹಾಡೇಬಿಡುತ್ತಿದ್ದೆಯೋ, ಅದನ್ನು ನೀನು ತೀರ್ಮಾನ ಮಾಡಬೇಕಿತ್ತು. ನಾನು ಮಾಡಿಬಿಟ್ಟೆ. ತಪ್ಪಾಯಿತು ಪುಟ್ಟಿ. 'ನಿನ್ನ ಒಳ್ಳೆಯದಕ್ಕೇ' ಅಂತ ಇದಕ್ಕೆ ಬಾಲ ಅಂಟಿಸುವುದಿಲ್ಲ.

ನೀನು ಬೈದಿದ್ದು ಸರಿ. ನಾನು ಎರಡು ವರ್ಷ ಒಳಗೇ ಇಟ್ಟುಕೊಂಡು ಕೊರಗಿದ್ದನ್ನು ನೀನು ಅವತ್ತೇ ಮುಖಕ್ಕೆ ಹೇಳಿದೆ. ಅತ್ತುಕೊಂಡು ಕೂತಾಗಲೂ ನನಗೆ ಹೆಮ್ಮೆ ಅನ್ನಿಸಿತು.

ಆದರೆ ಒಂದು ಮಾತು. 'ಇನ್ನು ನನ್ನ ವಿಷಯ ನಿನಗೆ ಬೇಡ' ಅಂದೆಯಲ್ಲ, ಅಂಥ ಮಾತು ಆಡಬೇಡ. ನನಗಷ್ಟೇ ಅಲ್ಲ, ಯಾರಿಗೂ. ಆ ಬ್ಯಾಂಡನ್ನೇ ನೋಡು. ಈಗ ನೀನು ಓದುತ್ತಿರುವ ಕಾಲೇಜಿನಲ್ಲೇ ಸೇರಿದ ನಾಲ್ಕು ಹುಡುಗರು. 1999ರಲ್ಲಿ, ಮೊದಲ ಆಲ್ಬಂಗೂ ಮುಂಚೆ, ಕ್ರಿಸ್ ಇದೇ ವಿಲ್‌ನನ್ನು ಬ್ಯಾಂಡಿನಿಂದ ತೆಗೆದುಹಾಕಿದ್ದ. ಆಮೇಲೆ ತಡೆಯಲಾರದೆ ಅವನೇ ಹೋಗಿ ಬಾ ಅಂತ ಬೇಡಿಕೊಂಡ. ಆಮೇಲೆ ಎಲ್ಲವೂ ನಾಲ್ವರಿಗೂ ಸಮಪಾಲು ಅಂತ ಮಾಡಿಕೊಂಡರು. ಅವತ್ತು ಅವನು ಹೋಗಿ ಕರೆಯದಿದ್ದರೆ ವೆಂಬ್ಲಿ ಎಲ್ಲಿ, ನಿನ್ನ ವಿಡಿಯೋ ಎಲ್ಲಿ? ಕೋಪ ಬಂದರೆ ಬೈ, ಅರಚು, ಬಾಗಿಲು ಮಾತ್ರ ಹಾಕಬೇಡ. ಮಿಕ್ಕವರ ಹತ್ತಿರವೂ ಅಷ್ಟೇ. ರೂಮ್‌ಮೇಟ್ ಜೊತೆ ಮಾತು ಬಿಟ್ಟಿದ್ದೀಯಂತೆ, ಅಪ್ಪ ಹೇಳಿದರು. ಒಬ್ಬಳೇ ಉಣ್ಣಬೇಡ. ಬರೀ ಬ್ರೆಡ್ ತಿನ್ನಬೇಡ. ರಾತ್ರಿ ಅನ್ನ ಇಡು, ಹತ್ತು ನಿಮಿಷದ ಕೆಲಸ.

ಈಗಲೇ ಟಿಕೆಟ್ ಮಾಡಿ ಬಂದುಬಿಡುತ್ತೇನೆ ಅಂದಿದ್ದೀಯ. ಓದು ಮುಗಿದ ಮೇಲೆ ಕೆಲಸ ಹುಡುಕಲು ಕೊಡುವ ವೀಸಾಕ್ಕೆ ಅಲ್ಲಿಂದಲೇ ಅರ್ಜಿ ಹಾಕಬೇಕು. ಉತ್ತರ ಬರುವ ಮುಂಚೆ ದೇಶ ಬಿಟ್ಟರೆ ಅರ್ಜಿ ವಾಪಸ್ ತೆಗೆದುಕೊಂಡ ಹಾಗೆ. ಅದನ್ನು ನೋಡಿಕೊಂಡು ಹೊರಡು ಅಂತ ಬರೆದೆ, ಅಳಿಸಿದೆ, ಮತ್ತೆ ಬರೆದೆ. ಗೊತ್ತಿದ್ದನ್ನು ಹೇಳಿದ್ದೇನೆ, ಅಷ್ಟೇ. ಬರುವುದು ಬಿಡುವುದು ನಿನಗೆ ಬಿಟ್ಟಿದ್ದು. ನೀನು ಬಂದರೆ ಅಪ್ಪನಿಗೆ ಎಷ್ಟು ಖುಷಿ ಆಗುತ್ತದೆ ಅಂತಲೂ ಹೇಳಬೇಕಲ್ವಾ? ಹೇಳಿದೆ.

ಡಿಸ್ಚಾರ್ಜ್ ಸಮ್ಮರಿಯ ನಾಲ್ಕೂ ಪುಟದ ಫೋಟೋ ಇದರ ಜೊತೆಗಿದೆ. ಮೂರನೇ ಪುಟದಲ್ಲಿ ಒಂದು ಕಡೆ ಇನ್ನೂ 40 ಪರ್ಸೆಂಟ್ ಬ್ಲಾಕ್ ಇದೆ ಅಂತ ಬರೆದಿದ್ದಾರೆ. ಅದಕ್ಕೆ ಮಾತ್ರೆ ಸಾಕಂತೆ. ಅದನ್ನು ಅಪ್ಪ ನಿನಗೆ ಹೇಳಿರುವುದಿಲ್ಲ. ಓದು.

ಗುರುವಾರ ಹತ್ತೂವರೆಗೆ ಚೆಕಪ್. ಡಾಕ್ಟರ್ ಕೋಣೆಗೆ ಹೋಗುವಾಗ ನಿನಗೆ ವಿಡಿಯೋ ಕಾಲ್ ಮಾಡಿ ಮೊಬೈಲನ್ನು ಮೇಜಿನ ಮೇಲೆ ಇಡುತ್ತೇನೆ. ಕೇಳುವುದನ್ನೆಲ್ಲ ನೀನೇ ಕೇಳು. ನಿನಗೆ ಅದು ಬೆಳಗಿನ ಆರು ಗಂಟೆ. ಎದ್ದಿರುತ್ತೀಯಾ?

ಅಮ್ಮ