ಚೀಲದ ಮೇಲೆ ಹೆಸರಿರಲಿಲ್ಲ

ಕೊನೆಯ ಸಲ ರಕ್ತ ಹಾಕಿಸಿಕೊಂಡು ಈ ವಾರಕ್ಕೆ ಒಂದು ವರ್ಷವಾಯಿತು. ನಿನ್ನೆ ಬಂದ ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ 11.8, ರೆಟಿಕ್ ಕೌಂಟ್ (ನೂರು ಕೆಂಪುಕಣದಲ್ಲಿ ಹೊಸದಾಗಿ ಹುಟ್ಟಿದ ಎಳೆಯವು ಎಷ್ಟು ಅನ್ನುವ ಲೆಕ್ಕ) 1.5. ಮನೆಯವರ ಕಣ್ಣು ಮೊದಲನೇ ಅಂಕಿಯ ಮೇಲೆ, ನನ್ನದು ಎರಡನೆಯದರ ಮೇಲೆ. ಬಹಳ ಮಂದಿಯ ಋಣ ನನ್ನ ಮೇಲಿದೆ. ಎಲ್ಲರ ಮನೆಗೆ ಹೋಗಿ ಹೇಳಿ ಬರೋಣವೆಂದರೆ ಅರ್ಧ ಮಂದಿಯ ಮನೆ ಎಲ್ಲಿದೆ ಅನ್ನುವುದೇ ಗೊತ್ತಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಗುಳೇದಗುಡ್ಡದಾಕಿ. ಮನೆಯಲ್ಲಿ ಖಣದ ಮಗ್ಗ, ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಹೋದ ವರ್ಷಕ್ಕಿಂತ ಹಿಂದಿನ ಮಳೆಗಾಲದಲ್ಲಿ ಶಾಲೆಯ ಮೆಟ್ಟಿಲು ಹತ್ತುವಾಗ ಏದುಸಿರು ಶುರುವಾಯಿತು. ಬೋರ್ಡಿನ ಮೇಲೆ ಒಂದು ಪ್ರಮೇಯ ಬರೆದು ಮುಗಿಸುವಷ್ಟರಲ್ಲಿ ಕುರ್ಚಿ ಬೇಕೆನಿಸುತ್ತಿತ್ತು. ರಕ್ತ ಕಡಿಮೆ ಅಂದರು. ಹೆಣ್ಣುಮಗಳು, ನಲವತ್ತು ದಾಟಿದೆ, ಮತ್ತೇನು ಕಾರಣ ಇದ್ದೀತು ಎಂದು ಒಂದು ಕಡೆ ಕಬ್ಬಿಣದ ಗುಳಿಗೆ ಕೊಟ್ಟರು, ಆಮೇಲೆ ಕಬ್ಬಿಣದ ಇಂಜೆಕ್ಷನ್, ಆಮೇಲೆ ಬಿ12. ತಿಂಗಳು ಕಳೆದಂತೆ ಅಂಕಿ ಇಳಿಯುತ್ತಲೇ ಹೋಯಿತು. ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎಲ್ಲ ಸರಿಯಾಗೇ ಇದ್ದವು. ಹಾಗಿರುವುದೇ ವಿಚಿತ್ರ ಅನ್ನುವುದು ಆಗ ಯಾರಿಗೂ ಹೊಳೆಯಲಿಲ್ಲ.

ಹೊಳೆದದ್ದು ಬಾಗಲಕೋಟೆ ನವನಗರದ ಒಂದು ಸಣ್ಣ ಲ್ಯಾಬಿನ ಟೆಕ್ನಿಷಿಯನ್‌ಗೆ. ಚೀಟಿಯಲ್ಲಿ ಬರೆದಿದ್ದು ಬರೀ ಸಿಬಿಸಿ, ಅಂದರೆ ರಕ್ತಕಣಗಳ ಮಾಮೂಲಿ ಎಣಿಕೆ. ಹಿಮೋಗ್ಲೋಬಿನ್ 5.2 ಬಂದದ್ದನ್ನು ನೋಡಿ ಆ ಪುಣ್ಯಾತ್ಮ ತಾನಾಗಿಯೇ ಇನ್ನೊಂದು ಹನಿ ರಕ್ತಕ್ಕೆ ನೀಲಿ ಬಣ್ಣ ಬೆರೆಸಿ ಗಾಜಿನ ಮೇಲೆ ಸವರಿ ಎಳೆ ಕೆಂಪುಕಣಗಳನ್ನು ಎಣಿಸಿದ. ಆ ಬಣ್ಣದಲ್ಲಿ ಎಳೆಕಣದೊಳಗೆ ನೀಲಿ ಎಳೆಗಳ ಬಲೆ ಕಾಣಬೇಕು. "ಇಷ್ಟು ರಕ್ತ ಕಡಿಮಿ ಇದ್ದಾಗ ಇವು ಹೆಚ್ಚಿಗಿ ಇರಬೇಕ್ರಿ ಟೀಚರ್. ಹುಡುಕಿ ಹುಡುಕಿ ಕಣ್ಣು ನೋವು ಬಂತು, ಸಿಗವಲ್ಲವು" ಅಂದ. 0.1 ಎಂದು ಬರೆದು, ಹೆಚ್ಚಿನ ರೊಕ್ಕ ಬೇಡವೆಂದು, ಡಾಕ್ಟರಿಗೆ ಫೋನನ್ನೂ ತಾನೇ ಮಾಡಿದ. ನನ್ನ ಮೊದಲ ನಮಸ್ಕಾರ ಆತನಿಗೆ. ದೊಡ್ಡ ಕಾಯಿಲೆಗಳ ಕಥೆಯಲ್ಲಿ ದೊಡ್ಡ ಡಾಕ್ಟರರ ಹೆಸರು ಬರುತ್ತದೆ, ಸೂಕ್ಷ್ಮದರ್ಶಕದ ಮುಂದೆ ಬೆನ್ನು ಬಗ್ಗಿಸಿ ಕೂತವನದು ಬರುವುದಿಲ್ಲ.

ಇದರ ಲೆಕ್ಕ ನನಗೆ ಆಮೇಲೆ ತಿಳಿಯಿತು. ಎಲುಬಿನ ಮಜ್ಜೆ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪುಕಣ ಮಾಡುತ್ತದಂತೆ. ಮಜ್ಜೆಯಿಂದ ಹೊರಬಿದ್ದ ಕಣ ರಕ್ತದಲ್ಲಿ ಒಂದು ದಿನದ ಮಟ್ಟಿಗೆ ಎಳೆಯದಾಗಿದ್ದು ಬಲಿಯುತ್ತದೆ, ಆಮೇಲೆ ಸುಮಾರು 120 ದಿನ ಬಾಳುತ್ತದೆ. ಹಾಗಾಗಿ ಆರೋಗ್ಯವಂತರಲ್ಲಿ ನೂರು ಕೆಂಪುಕಣಕ್ಕೆ ಒಂದೋ ಎರಡೋ ಎಳೆಯವು ಇರಬೇಕು. ಹುಟ್ಟು ನಿಂತುಹೋದರೆ ದಿನಕ್ಕೆ ನೂರರಲ್ಲಿ ಒಂದರ ಹತ್ತಿರ ಇಳಿಯುತ್ತ ಹೋಗುತ್ತದೆ. ಅಷ್ಟು ನಿಧಾನ ಇರುವುದಕ್ಕೇ ಮೈ ಹೊಂದಿಕೊಳ್ಳುತ್ತ ಬರುತ್ತದೆ, ಕೆಳಗೆ ಮುಟ್ಟುವವರೆಗೂ ನಾವು ಅಡ್ಡಾಡುತ್ತಲೇ ಇರುತ್ತೇವೆ. ಇದನ್ನು ಹತ್ತನೇ ತರಗತಿಯ ಮಕ್ಕಳಿಗೆ ಲೆಕ್ಕವಾಗಿ ಕೊಡಬಹುದು. ಕೊಟ್ಟಿಲ್ಲ, ಅವು ಮೊದಲೇ ನನ್ನನ್ನು ನೋಡಿ ಹೆದರಿದ್ದವು.

ಬಾಗಲಕೋಟೆಯ ಡಾಕ್ಟರು ತಡಮಾಡದೆ ಬೆಳಗಾವಿಯ ರಕ್ತರೋಗ ತಜ್ಞೆಯ ಹತ್ತಿರ ಕಳಿಸಿದರು. ಲೋಕಾಪುರ, ಯರಗಟ್ಟಿ ದಾರಿಯ ಬಸ್ಸಿನ ಕಿಟಕಿ ಸೀಟು ಆ ವರ್ಷ ನನ್ನದೇ ಆಗಿಹೋಗಿತ್ತು. ಸೊಂಟದ ಎಲುಬಿನಿಂದ ಮಜ್ಜೆ ತೆಗೆದು ನೋಡಿದರು. ಬಿಳಿಕಣದ ತಾಯಿಕಣಗಳಿವೆ, ಪ್ಲೇಟ್‌ಲೆಟ್‌ನವೂ ಇವೆ, ಕೆಂಪುಕಣದವು ಮಾತ್ರ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ರೋಗದ ಹೆಸರು ಪ್ಯೂರ್ ರೆಡ್ ಸೆಲ್ ಅಪ್ಲೇಸಿಯಾ, ಅಂದರೆ ಕೆಂಪುಕಣದ ಹುಟ್ಟು ಮಾತ್ರ ನಿಂತುಹೋಗುವುದು. 1922ರಲ್ಲೇ ಕಾಜ್ನೆಲ್ಸನ್ ಎನ್ನುವ ವೈದ್ಯರು ಮೊದಲು ಗುರುತಿಸಿದ ರೋಗವಂತೆ, ನಮ್ಮ ಓಣಿಗೆ ಆಗ ಬಂತು. ಮಾವನವರು ರಿಪೋರ್ಟ್ ಕೇಳಿಸಿಕೊಂಡು, "ಮಗ್ಗ ಐತಿ, ನೂಲು ಐತಿ, ನೇಯಾಂವನ ಇಲ್ಲ. ನೂಲು ತಂದು ಸುರದರ ಏನ್ ಬಂತು?" ಅಂದರು. ತಿಂಗಳುಗಟ್ಟಲೆ ನುಂಗಿದ ಕಬ್ಬಿಣದ ಬಗ್ಗೆ ಇದಕ್ಕಿಂತ ಚಂದ ಯಾವ ಡಾಕ್ಟರೂ ಹೇಳಿಲ್ಲ.

ಆ ತಜ್ಞೆ ಮೊದಲು ಹೇಳಿದ ಮಾತು "ಇದು ಕ್ಯಾನ್ಸರ್ ಅಲ್ಲ". ಆಮೇಲೆ ಕುಳಿತು, ಕಾಗದದ ಮೇಲೆ ಚಿತ್ರ ಬರೆದು, ಕನ್ನಡದಲ್ಲಿ ತಿಳಿಸಿದರು. ಎದೆಯ ಸಿಟಿ ಸ್ಕ್ಯಾನ್ ಮಾಡಿಸಿದ್ದು ಥೈಮಸ್ ಗ್ರಂಥಿಯಲ್ಲಿ ಗಡ್ಡೆ ಇದ್ದರೂ ಹೀಗಾಗುತ್ತದೆ ಅಂತ. ಪಾರ್ವೊವೈರಸ್ ಬಿ19 ಪರೀಕ್ಷೆ ಯಾಕೆಂದರೆ ಆ ವೈರಸ್ಸು ಕೆಂಪುಕಣದ ತಾಯಿಕಣಗಳನ್ನೇ ಹಿಡಿಯುತ್ತದೆ. ಫಿಟ್ಸ್, ಟಿಬಿ ಗುಳಿಗೆ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ ಎಂದು ಎರಡೆರಡು ಸಲ ಕೇಳಿದರು. ಯಾವುದೂ ಇಲ್ಲ. ಉಳಿದದ್ದು ಒಂದೇ: ಮೈಯನ್ನು ಕಾಯುವ ರೋಗನಿರೋಧಕ ವ್ಯವಸ್ಥೆಯೇ ಆ ತಾಯಿಕಣಗಳ ಮೇಲೆ ತಿರುಗಿಬಿದ್ದಿದೆ. ಅದನ್ನು ಸುಮ್ಮನಾಗಿಸುವ ತನಕ ರಕ್ತ ಹೊರಗಿನಿಂದಲೇ ಬರಬೇಕು.

ಬಂತು. ಸೆಪ್ಟೆಂಬರ್ ತನಕ ಬರುತ್ತಲೇ ಇತ್ತು. ಒಂದು ಚೀಲಕ್ಕೆ ಹಿಮೋಗ್ಲೋಬಿನ್ ಒಂದು ಗ್ರಾಮಿನಷ್ಟು ಏರುತ್ತದೆ, ಎರಡು ಮೂರು ವಾರದಲ್ಲಿ ಮತ್ತೆ ಇಳಿಯುತ್ತದೆ. ಚೀಲದ ಮೇಲೆ ದಾನಿಯ ಹೆಸರಿರುವುದಿಲ್ಲ. ಒಂದು ನಂಬರು, ಗುಂಪು, ರಕ್ತ ತೆಗೆದ ತಾರೀಖು, ಕೆಡುವ ತಾರೀಖು, ಅಷ್ಟೆ. ಹನಿ ಇಳಿಯುವ ಹೊತ್ತಿನಲ್ಲಿ ನಾನು ಆ ತಾರೀಖು ಓದುತ್ತ ಮಲಗಿರುತ್ತಿದ್ದೆ. ಒಂದರ ಮೇಲೆ ಜನವರಿ 26 ಇತ್ತು. ಧ್ವಜಾರೋಹಣ ಮುಗಿಸಿ, ಲಾಡು ತಿಂದು, ಹಾಗೇ ಶಿಬಿರಕ್ಕೆ ಹೋದ ಕಾಲೇಜು ಹುಡುಗನೋ ಹುಡುಗಿಯೋ ಇರಬೇಕು ಎಂದುಕೊಂಡೆ. ಇನ್ನೊಂದರ ಮೇಲೆ ಏಪ್ರಿಲ್ 14, ಅಂಬೇಡ್ಕರ್ ಜಯಂತಿ. ನನ್ನ ಮಟ್ಟಿಗೆ ಆ ಎರಡು ದಿನಗಳ ಅರ್ಥವೇ ಬೇರೆಯಾಗಿಬಿಟ್ಟಿದೆ. ನಮ್ಮ ದೇಶದಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಿಂದಾಗಿ 1998ರ ಜನವರಿ 1ರಿಂದ ರೊಕ್ಕಕ್ಕೆ ರಕ್ತ ಮಾರುವ ಹಾಗಿಲ್ಲ. ಅಂದರೆ ನನ್ನೊಳಗೆ ಇಳಿದ ಪ್ರತಿ ಹನಿಯೂ ಯಾರೋ ಸುಮ್ಮನೆ ಕೊಟ್ಟದ್ದು. ಜಾತಿ ಕೇಳಿ ನೀರು ಕೊಡುವವರನ್ನು ನೋಡಿ ಬೆಳೆದವಳು ನಾನು. ಆ ಚೀಲಗಳಲ್ಲಿ ಯಾರ್ಯಾರು ಇದ್ದರೋ, ಎಲ್ಲರೂ ಈಗ ನನ್ನ ರಕ್ತಸಂಬಂಧಿಗಳು.

ಮೇ ತಿಂಗಳು ಕಷ್ಟವಾಯಿತು. ಕಾಲೇಜಿಗೆ ರಜೆ, ಶಿಬಿರಗಳಿಲ್ಲ, ಬ್ಲಡ್ ಬ್ಯಾಂಕಿನ ಫ್ರಿಜ್ ಬರಿದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ವಾಟ್ಸಾಪ್‌ನಲ್ಲಿ "ಗಣಿತ ಟೀಚರ್‌ಗೆ ಬಿ ಪಾಸಿಟಿವ್" ಎಂದು ಹಾಕಿದನಂತೆ. ಮರುದಿನ ಟಂಟಂ ತುಂಬ ಹುಡುಗರು ಬಾಗಲಕೋಟೆಗೆ ಬಂದಿಳಿದರು. ಅದರಲ್ಲಿ ಇಬ್ಬರನ್ನು ನಾನು ಒಂಬತ್ತನೇ ತರಗತಿಯಲ್ಲಿ ನಪಾಸು ಮಾಡಿದ್ದೆ! ಇಬ್ಬರೂ ಕೊಟ್ಟರು.

ವಾರ್ಡಿನ ಸಿಸ್ಟರ್ ಒಬ್ಬರನ್ನು ನೆನೆಯದಿದ್ದರೆ ತಪ್ಪಾಗುತ್ತದೆ. ರಕ್ತ ಶುರುವಾದ ಮೊದಲ ಹದಿನೈದು ನಿಮಿಷ ಅವರು ಹಾಸಿಗೆ ಬಿಟ್ಟು ಕದಲುತ್ತಿರಲಿಲ್ಲ. ಒಮ್ಮೆ ನಡುಕ ಹತ್ತಿ ಜ್ವರ ಏರಿದಾಗ, ನಾನು ಬಾಯಿ ತೆಗೆಯುವ ಮೊದಲೇ ಅವರ ಕೈ ಕ್ಲಾಂಪಿನ ಮೇಲಿತ್ತು.

ಇನ್ನು ಬಂಧುಬಳಗ. ಬೀಟ್‌ರೂಟು, ದಾಳಿಂಬೆ, ಖರ್ಜೂರ, ಶೇಂಗಾ-ಬೆಲ್ಲ ಹೊತ್ತು ತರದವರಿಲ್ಲ. ತಮಾಷೆಯೆಂದರೆ ನನ್ನ ಮೈಯಲ್ಲಿ ಆಗ ಕಬ್ಬಿಣ ಜಾಸ್ತಿಯಾಗಿತ್ತು. ಒಂದೊಂದು ಚೀಲ ರಕ್ತದ ಜೊತೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ಒಳಗೆ ಬರುತ್ತದೆ, ಹೊರಗೆ ಹಾಕುವ ದಾರಿ ಮೈಗೆ ಗೊತ್ತಿಲ್ಲ, ಯಕೃತ್ತಿನಲ್ಲೂ ಹೃದಯದಲ್ಲೂ ಕೂಡುತ್ತದೆ. ಅದನ್ನು ತೆಗೆಯಲು ಬೇರೆ ಗುಳಿಗೆ ನುಂಗಬೇಕಾಯಿತು. ಇದನ್ನು ಎಲ್ಲರಿಗೂ ಬಿಡಿಸಿ ಹೇಳುವುದು ನನ್ನಿಂದ ಆಗಲಿಲ್ಲ. ಬೀಟ್‌ರೂಟ್ ಎಮ್ಮೆಗೆ ಹೋಯಿತು, ಶೇಂಗಾ ಹೋಳಿಗೆ ಮಾತ್ರ ಒಂದೂ ಎಮ್ಮೆಗೆ ಹೋಗಿಲ್ಲ. ತಂದವರು ಬೇಜಾರು ಮಾಡಿಕೊಳ್ಳಬೇಡಿ. ನೀವು ಬಂದು ಕೂತು ಬೇರೆಯವರ ಮನೆ ಸುದ್ದಿ ಹೇಳಿದ್ದೇ ನನಗೆ ಬೇಕಾಗಿತ್ತು.

ರೋಗನಿರೋಧಕ ವ್ಯವಸ್ಥೆಯನ್ನು ಸುಮ್ಮನಾಗಿಸಲು ಮೊದಲು ಕೊಟ್ಟ ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್ ಮುಖ ಊದಿಸಿತು, ಸಕ್ಕರೆ ಏರಿಸಿತು, ಮಾಡಬೇಕಾದ ಕೆಲಸ ಮಾಡಲಿಲ್ಲ. ಜೂನ್‌ನಲ್ಲಿ ಅದೇ ಕೆಲಸಕ್ಕೆ ಸೈಕ್ಲೋಸ್ಪೋರಿನ್ ಶುರುವಾಯಿತು. ನಾರ್ವೆ ದೇಶದ ಒಂದು ಪ್ರಸ್ಥಭೂಮಿಯಿಂದ 1969ರಲ್ಲಿ ತಂದ ಮಣ್ಣಿನ ಶಿಲೀಂಧ್ರದಲ್ಲಿ ಸಿಕ್ಕ ಔಷಧಿಯಂತೆ ಅದು. ಎಲ್ಲಿಯ ನಾರ್ವೆ, ಎಲ್ಲಿಯ ಗುಳೇದಗುಡ್ಡ! ಆ ಮಣ್ಣಿಗೂ ಒಂದು ನಮಸ್ಕಾರ. ಅಡ್ಡಪರಿಣಾಮ ಇದಕ್ಕೂ ಇವೆ. ಬಿಪಿ, ಕಿಡ್ನಿ ನೋಡಿಸುತ್ತಿರಬೇಕು, ಚಕ್ಕೋತ ತಿನ್ನುವಂತಿಲ್ಲ, ತಿಂದರೆ ರಕ್ತದಲ್ಲಿ ಔಷಧಿ ಹೆಚ್ಚಾಗುತ್ತದೆ. ಎರಡು ತಿಂಗಳು ಏನೂ ಆಗಲಿಲ್ಲ. ಆಗಸ್ಟ್ ಕೊನೆಗೆ ನವನಗರದ ಅದೇ ಲ್ಯಾಬಿನಿಂದ ಫೋನು: "ಟೀಚರ್, ಬಂದಾವ್ರಿ!" ರೆಟಿಕ್ ಕೌಂಟ್ 0.9. ಹಿಮೋಗ್ಲೋಬಿನ್ ಇನ್ನೂ ಏಳರಲ್ಲೇ ಇತ್ತು. ಎಳೆಕಣ ಮೊದಲು ಬರುತ್ತವೆ, ಆ ಅಂಕಿ ಹಿಂದಿನಿಂದ ಬರುತ್ತದೆ. ಇವತ್ತಿಗೂ ರಿಪೋರ್ಟಿನಲ್ಲಿ ನಾನು ಮೊದಲು ಹುಡುಕುವುದು ರೆಟಿಕ್ ಕೌಂಟನ್ನೇ.

ಈ ಜನವರಿಯಲ್ಲಿ ಬನಶಂಕರಿ ಜಾತ್ರೆಗೆ ಹೋಗಿ, ತೇರು ನೋಡಿ, ರಾತ್ರಿಯಿಡೀ ಕಂಪನಿ ನಾಟಕ ನೋಡಿ ಬಂದೆ. ನನ್ನ ಗಂಡನಿಗೆ ನಿದ್ದೆ ಬಂತು, ನನಗೆ ಬರಲಿಲ್ಲ. ಒಂದು ವರ್ಷ ನನ್ನ ಅಡಿಗೆಮನೆಯನ್ನೂ ನನ್ನ ಸಿಟ್ಟನ್ನೂ ಹೊತ್ತ ಅತ್ತೆಗೆ, ನನ್ನ ತರಗತಿಗಳನ್ನು ಹಂಚಿಕೊಂಡ ಸಹೋದ್ಯೋಗಿಗಳಿಗೆ, ರಜೆಯ ಕಾಗದ ಬಾಕಿ ಉಳಿಯದಂತೆ ನೋಡಿಕೊಂಡ ಹೆಡ್‌ಮಾಸ್ತರರಿಗೆ ಎದುರಿಗೇ ಹೇಳಿದ್ದೇನೆ, ಇಲ್ಲಿ ಉದ್ದ ಮಾಡುವುದಿಲ್ಲ.

ಔಷಧಿ ಇನ್ನೂ ನಡೆದಿದೆ, ನಿಲ್ಲಿಸಿದರೆ ರೋಗ ಮರಳಬಹುದು. ಹಾಗಾಗಿ ನಾನು ರಕ್ತ ಕೊಡುವಂತಿಲ್ಲ. ಅಕ್ಟೋಬರ್ 1 ಸ್ವಯಂಪ್ರೇರಿತ ರಕ್ತದಾನ ದಿನ, ಅವತ್ತು ನಮ್ಮ ಹಳೆಯ ವಿದ್ಯಾರ್ಥಿಗಳು ಶಾಲೆಯಲ್ಲೇ ಶಿಬಿರ ಇಟ್ಟುಕೊಂಡಿದ್ದಾರೆ. ಹೆಸರು ಬರೆದುಕೊಳ್ಳುವ ಟೇಬಲ್ಲಿಗೆ ನಾನಿರುತ್ತೇನೆ. 18 ತುಂಬಿರಬೇಕು, ತೂಕ 45 ಕಿಲೋ ಇರಬೇಕು, ಹಿಮೋಗ್ಲೋಬಿನ್ 12.5 ಇರಬೇಕು. ಹಿಂದೆ ಕೊಟ್ಟವರಾದರೆ ಗಂಡಸರಿಗೆ ಮೂರು ತಿಂಗಳು, ಹೆಂಗಸರಿಗೆ ನಾಲ್ಕು ತಿಂಗಳು ಆಗಿರಬೇಕು. ಖಾಲಿ ಹೊಟ್ಟೆಯಲ್ಲಿ ಬರಬೇಡಿ, ರೊಟ್ಟಿ ತಿಂದೇ ಬರ್ರಿ.