ಇಂಜೆಕ್ಷನ್ ಆಯಿತು, ಸ್ಪ್ಲಿಂಟ್ ಸರಿಮಾಡುವವರು ಎಲ್ಲಿ?

ಮಾನ್ಯರೇ,

ಸೆರೆಬ್ರಲ್ ಪಾಲ್ಸಿ (ಮಿದುಳಿನ ಹಾನಿಯಿಂದ ಚಲನೆಗೆ ತೊಂದರೆಯಾಗುವ ಸ್ಥಿತಿ) ಇರುವ ಮಕ್ಕಳ ಬಿಗಿದ ಕಾಲು ಸಡಿಲಿಸುವ ಬೊಟುಲಿನಮ್ ಟಾಕ್ಸಿನ್ ಇಂಜೆಕ್ಷನ್ ಸುದ್ದಿ ಈಗ ದೇವದುರ್ಗ, ಸಿಂಧನೂರಿನ ಹಳ್ಳಿಗಳಿಗೂ ತಲುಪಿದೆ. ಸಾಲ ಮಾಡಿ ಬೆಂಗಳೂರಿಗೆ ಹೋಗಿ ಹಾಕಿಸಿಕೊಂಡು ಬರುವವರಿದ್ದಾರೆ. ಆರು ತಿಂಗಳಾಗುವಷ್ಟರಲ್ಲಿ ಮಗು ಮತ್ತೆ ತುದಿಗಾಲಲ್ಲಿ ನಿಂತಿದ್ದರೆ ಔಷಧವನ್ನು ಬೈದು ಪ್ರಯೋಜನವಿಲ್ಲ.

ಈ ಔಷಧ ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ತಡೆಯುತ್ತದೆ, ಅಷ್ಟೇ. ಕೆಲವೇ ದಿನಗಳಲ್ಲಿ ಸಡಿಲ ಕಾಣಿಸಿ, ಸುಮಾರು 4 ವಾರಕ್ಕೆ ಪೂರ್ತಿ ಹಿಡಿದು, 3–4 ತಿಂಗಳಲ್ಲಿ ಇಳಿಯುತ್ತದೆ. ಗಿಡ್ಡವಾದ ಸ್ನಾಯುವನ್ನು ಉದ್ದ ಮಾಡುವುದು ಆ ಅವಧಿಯಲ್ಲಿ ಒಂದೆರಡು ವಾರಕ್ಕೊಮ್ಮೆ ಬದಲಿಸುತ್ತ ಹಾಕುವ ಪ್ಲಾಸ್ಟರ್, ಆಮೇಲೆ ಎ.ಎಫ್.ಒ. ಸ್ಪ್ಲಿಂಟ್ (ಪಾದ ಮತ್ತು ಅದರ ಕೀಲನ್ನು ಸರಿಯಾದ ಭಂಗಿಯಲ್ಲಿ ಹಿಡಿಯುವ ಪ್ಲಾಸ್ಟಿಕ್ ಆಧಾರ), ಜೊತೆಗೆ ಮಗು ತಾನೇ ಮಾಡುವ ಅಭ್ಯಾಸ: ಸ್ಟೂಲಿನಿಂದ ಎದ್ದು ನಿಲ್ಲುವುದು, ಕಟ್ಟೆ ಹತ್ತಿಳಿಯುವುದು. ಬರೀ ಎಣ್ಣೆ ತಿಕ್ಕಿದರೆ ತಾಯಿಯ ಕೈ ನೋಯುತ್ತದೆ, ಮಗು ನಡೆಯಲು ಕಲಿಯುವುದಿಲ್ಲ.

ಹೆಚ್ಚು ಎಡವುವುದು ಸ್ಪ್ಲಿಂಟ್ ತೊಡಿಸುವಾಗ. ಮೀನಖಂಡದ ಸ್ನಾಯು ಮೊಣಕಾಲನ್ನು ದಾಟಿ ಮೇಲೇರುತ್ತದೆ. ಹಾಗಾಗಿ ಕಾಲು ಚಾಚಿಸಿ ತುರುಕಿದರೆ ಹಿಮ್ಮಡಿ ತಳ ಮುಟ್ಟುವುದಿಲ್ಲ. ಮೊಣಕಾಲು ಮಡಚಿ, ಪಾದ ಮೇಲೆತ್ತಿ, ಹಿಮ್ಮಡಿಯನ್ನು ಹಿಂದಕ್ಕೆ ಕೂರಿಸಿ, ಮೊದಲು ಪಾದದ ಕೀಲಿನ ಪಟ್ಟಿ ಬಿಗಿಯಬೇಕು. ಮೀನಖಂಡದ ಪಟ್ಟಿ ಕೊನೆಗೆ. ಹಿಮ್ಮಡಿಯ ಜಾಗದಲ್ಲಿ ಬೆರಳ ತುದಿಯಷ್ಟು ತೂತು ಕೊರೆಸಿಕೊಂಡರೆ ಅದು ಕೂತಿದೆಯೋ ಮೇಲೆ ಎದ್ದಿದೆಯೋ ಕಣ್ಣಿಗೇ ಕಾಣುತ್ತದೆ. ಬಿಚ್ಚಿದ ಅರ್ಧ ಗಂಟೆಯಾದರೂ ಕೆಂಪು ಗುರುತು ಮಾಸದಿದ್ದರೆ ಅಲ್ಲಿ ಒತ್ತುತ್ತಿದೆ ಎಂದೇ ಅರ್ಥ. ರಾಯಚೂರಿನ ಬೇಸಿಗೆಯಲ್ಲಿ ಒಳಗಿನ ಹತ್ತಿ ಕಾಲುಚೀಲ ಬೆವರಿಗೆ ತೊಯ್ದರೆ ಬದಲಿಸಲೇಬೇಕು, ಇಲ್ಲವಾದರೆ ಎರಡೇ ದಿನಕ್ಕೆ ಹುಣ್ಣು. ಹುಣ್ಣಾದ ಸ್ಪ್ಲಿಂಟ್ ಮೂಲೆ ಸೇರುತ್ತದೆ. ಇಂಜೆಕ್ಷನ್ನಿನ ಹಣವೂ ಅದರೊಂದಿಗೇ.

ಆದ್ದರಿಂದ ಪ್ಲಾಸ್ಟರಿನ ದಿನಾಂಕ, ಸ್ಪ್ಲಿಂಟಿನ ಅಳತೆ ಗೊತ್ತಾಗದೆ ಇಂಜೆಕ್ಷನ್ನಿಗೆ ಹೊರಡಬೇಡಿ. ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂ.ವರೆಗೆ ಅವಕಾಶವಿದ್ದು, ಥೆರಪಿಯ ಖರ್ಚೂ ಅದರಲ್ಲಿ ಸೇರುತ್ತದೆ.

ಜಿಲ್ಲಾಡಳಿತಕ್ಕೆ ನಮ್ಮ ಬೇಡಿಕೆ ದೊಡ್ಡದೇನಲ್ಲ. ಹದಿನೈದು ದಿನಕ್ಕೊಮ್ಮೆ ಲಿಂಗಸುಗೂರು, ಸಿಂಧನೂರು, ಮಾನ್ವಿ, ದೇವದುರ್ಗದ ತಾಲ್ಲೂಕು ಆಸ್ಪತ್ರೆಗಳಿಗೆ ಒಬ್ಬ ಫಿಸಿಯೋಥೆರಪಿಸ್ಟ್, ಸ್ಪ್ಲಿಂಟ್ ಮಾಡುವ ಒಬ್ಬ ತಂತ್ರಜ್ಞ ಬರಲಿ. ಒತ್ತುವ ಜಾಗವನ್ನು ಹೀಟ್ ಗನ್ನಿನಿಂದ ಕಾಯಿಸಿ ಹಿಗ್ಗಿಸುವುದು ಹತ್ತು ನಿಮಿಷದ ಕೆಲಸ. ಅಷ್ಟಕ್ಕಾಗಿ ಮಗುವನ್ನು ಹೊತ್ತು ಬೆಂಗಳೂರಿನ ರಾತ್ರಿ ರೈಲು ಹತ್ತುವುದು ತಪ್ಪಲಿ.

–ಫಿಸಿಯೋಥೆರಪಿಸ್ಟ್‌ಗಳು, ರಾಯಚೂರು