ಸುಣ್ಣ ಮೊದಲೋ, ಮೈಲುತುತ್ತ ಮೊದಲೋ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಸೆಮಿನಾರಿಗೆ ಅಡಿಕೆಯ ಕೊಳೆರೋಗವನ್ನೇ ಆರಿಸಿಕೊಂಡಿದ್ದೀಯ ಎಂದು ನಿನ್ನ ಅಪ್ಪ ಫೋನಿನಲ್ಲಿ ಹೇಳಿದ. ನಮ್ಮ ತೋಟದ ಕಷ್ಟವನ್ನು ನೀನು ನಾಲ್ಕು ಜನರ ಮುಂದೆ ಹೇಳುತ್ತೀಯಲ್ಲ ಎಂದು ತುಂಬ ಸಂತೋಷವಾಯಿತು. ಆದರೆ 40 ಸ್ಲೈಡು ಮಾಡಿದ್ದೀಯಂತೆ, ಮಾತಿಗೆ ಇರುವುದು 20 ನಿಮಿಷವಂತೆ. ಅದನ್ನು ಕೇಳಿದ ಮೇಲೆ ಬರೆಯದೆ ಇರಲಾಗಲಿಲ್ಲ.

ಹಿಂದೊಮ್ಮೆ ಬೆಳೆಗಾರರ ಸಭೆಯಲ್ಲಿ ಇದೇ ವಿಷಯ ಮಾತಾಡಲು ನನ್ನನ್ನು ಕರೆದಿದ್ದರು. ಕೊಟ್ಟದ್ದು 15 ನಿಮಿಷ. ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದದ್ದು, ಈ ರೋಗದ ಮೂಲ ಹುಡುಕಿ 1910ರಲ್ಲಿ ಪುಸ್ತಿಕೆ ತಂದದ್ದು, ನಮ್ಮ ‘ಕೊಳೆರೋಗ’ ಎಂಬ ಮಾತೇ ಇಂಗ್ಲಿಷಿನ ವಿಜ್ಞಾನ ಬರಹಕ್ಕೆ ಸೇರಿಹೋದದ್ದು, ಎಲ್ಲವನ್ನೂ ಆಸೆಯಿಂದ ಹೇಳುತ್ತಾ ಹೋದೆ. ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಕೂಡಿಸಿ ಮಾಡುವ ಔಷಧಿ ಬೋರ್ಡೋ ದ್ರಾವಣಕ್ಕೆ ಬರುವಷ್ಟರಲ್ಲಿ ಗಂಟೆ ಬಾರಿಸಿದರು. ವೇದಿಕೆಯಿಂದ ಇಳಿದಾಗ ವಯಸ್ಸಾದ ಬೆಳೆಗಾರರೊಬ್ಬರು ಹತ್ತಿರ ಬಂದು, “ಸುಣ್ಣ ಮೊದಲು ಹಾಕೋದೋ, ಮೈಲುತುತ್ತ ಮೊದಲೋ? ಅದನ್ನ ಕೇಳ್ಕೊಂಡು ಹೋಗೋಣ ಅಂತ ಬಂದಿದ್ದೆ” ಎಂದರು. ಎರಡು ಬಸ್ಸು ಹಿಡಿದು ಬಂದಿದ್ದರು. ಅಲ್ಲೇ ನಿಂತು ಅವರೊಬ್ಬರಿಗೆ ಹೇಳಿದೆ. ಉಳಿದವರು ಆಗಲೇ ಎದ್ದು ಹೋಗಿದ್ದರು.

ಅದಕ್ಕೇ ಹೇಳುತ್ತೇನೆ, ಮೊದಲು ಒಂದು ಹಾಳೆ ತೆಗೆದುಕೊಂಡು, ಕೇಳಿದವರು ಏನನ್ನು ಮನೆಗೆ ಒಯ್ಯಬೇಕು ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆ. ನನ್ನನ್ನು ಕೇಳಿದರೆ, ಮಳೆ ಹಿಡಿಯುವ ಮೊದಲೇ ಸರಿಯಾಗಿ ಕೂಡಿಸಿದ ಔಷಧಿ ಅಡಿಕೆಯ ಗೊನೆಗೆ ಬೀಳಬೇಕು, ಅಷ್ಟೇ. ಈ ಮಾತಿಗೆ ಬೇಕಿಲ್ಲದ ಸ್ಲೈಡು ಎಷ್ಟು ಚೆಂದವಿದ್ದರೂ ತೆಗೆದುಬಿಡು. ಕೋಲ್ಮನ್ನರಿಗೆ ಒಂದು ನಿಮಿಷ ಸಾಕು.

‘ಪೀಠಿಕೆ’ ಎಂದು ಶುರು ಮಾಡಬೇಡ. ಆಷಾಢದ ಬೆಳಿಗ್ಗೆ ಮರದ ಬುಡದಲ್ಲಿ ಉದುರಿಬಿದ್ದ, ಬಿಳಿ ಬೂಸಲು ಹಿಡಿದ ಹಸಿ ಅಡಿಕೆಯಿಂದ ಶುರು ಮಾಡು. ಚಿಕ್ಕವಳಿದ್ದಾಗ ನೀನೇ ಬುಟ್ಟಿಗೆ ಆರಿಸಿ ಹಾಕಿದ್ದೀಯ. ರೋಗ ತರುವ ಸೂಕ್ಷ್ಮಜೀವಿ ಫೈಟಾಫ್ತೊರಾದ ಹೆಸರು ಆಮೇಲೆ ಬರಲಿ, ಬಂದ ಕೂಡಲೇ ಅದರ ಬೀಜಕಣ ನೀರಿನಲ್ಲಿ ಈಜುತ್ತದೆ ಎಂದು ಹೇಳು. ಮಳೆಗೂ ಈ ರೋಗಕ್ಕೂ ಇರುವ ನಂಟು ಅಷ್ಟರಲ್ಲೇ ತಿಳಿಯುತ್ತದೆ.

ದ್ರಾವಣವನ್ನು ಪರದೆಯ ಮೇಲೆ ತೋರಿಸಬೇಡ, ಅಲ್ಲೇ ಮಾಡಿ ತೋರಿಸು. ತೋಟದಲ್ಲಿ ಒಂದು ಕಿಲೋ ಮೈಲುತುತ್ತಕ್ಕೆ 50 ಲೀಟರ್ ನೀರು, ಒಂದು ಕಿಲೋ ಸುಣ್ಣಕ್ಕೆ ಇನ್ನೊಂದು 50 ಲೀಟರ್. ನೀನು 10 ಗ್ರಾಂ, ಅರ್ಧ ಲೀಟರಿನ ಲೆಕ್ಕದಲ್ಲಿ ಎರಡು ಪ್ಲಾಸ್ಟಿಕ್ ಜಗ್ಗು ಇಟ್ಟುಕೋ. ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಸುಣ್ಣವನ್ನು ತುತ್ತಕ್ಕಲ್ಲ. ಮೊದಲ ಸಲ ಬೇಕೆಂದೇ ಸುಣ್ಣ ತೀರಾ ಕಡಿಮೆ ಹಾಕಿ, ಕಬ್ಬಿಣದ ಚಾಕು ಅದ್ದಿ ಎತ್ತು. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿರುತ್ತದೆ, ಸುಣ್ಣ ಸಾಲದು ಎಂಬುದಕ್ಕೆ ಅದೇ ಗುರುತು. ಆಗ ಏನೂ ಹೇಳದೆ ಸುಮ್ಮನಿರು, ಅವರು ನೋಡಲಿ. ಆ ಮೌನಕ್ಕೆ ಹೆದರಬೇಡ.

ಬಾಯಿಪಾಠ ಮಾಡಬೇಡ, ಒಂದು ಮಾತು ಮರೆತರೆ ಇಡೀ ಸಾಲು ಕಳಚುತ್ತದೆ. ಕಾಲು ನಡುಗುವುದು ಶುರುವಿನಲ್ಲೇ, ಹಾಗಾಗಿ ಮೊದಲ ಎರಡು ವಾಕ್ಯ ಮಾತ್ರ ಗಟ್ಟಿಯಾಗಿರಲಿ. ಭಾನುವಾರ ಊರಿಗೆ ಬಂದಾಗ ಗಡಿಯಾರ ಎದುರಿಟ್ಟುಕೊಂಡು ಅಮ್ಮನ ಮುಂದೆ ಮೂರು ಸಲ ಹೇಳು. 17 ನಿಮಿಷಕ್ಕೆ ಮುಗಿಯಬೇಕು. ಅಮ್ಮ ಎಲ್ಲಿ ಪ್ರಶ್ನೆ ಕೇಳುತ್ತಾಳೋ ಅಲ್ಲಿ ಗುರುತು ಹಾಕಿಕೋ.

ನಿನ್ನ ಅಪ್ಪನ ಕೈಯಲ್ಲಿ ನಮ್ಮ ಹಳೆಯ ಕಬ್ಬಿಣದ ಚಾಕು ಕಳಿಸಿದ್ದೇನೆ. ಸ್ಟೀಲಿನದು ಬೇಡ, ಕೆಂಪು ಸರಿಯಾಗಿ ಕೂರುವುದಿಲ್ಲ. ತುಕ್ಕು ಉಜ್ಜಿ ತೆಗೆದಿದ್ದೇನೆ, ಒಣ ಬಟ್ಟೆಯಲ್ಲೇ ಸುತ್ತಿಟ್ಟುಕೋ.

ನಿನ್ನ
ದೊಡ್ಡಪ್ಪ